ಗರ್ಭಿಣಿಯರು ಮತ್ತು ಬಾಣಂತಿಯರು ಭಾಗವಹಿಸುವ ಚಿಕಿತ್ಸಾ ಪ್ರಯೋಗಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಪ್ರಸೂತಿ ಹಾಗೂ ಸ್ತ್ರೀರೋಗ ವಿಭಾಗಕ್ಕೆ ಚಿಕಿತ್ಸೆಗಾಗಿ ಬರುವ ಮಹಿಳೆಯರನ್ನು ಕೆಲವೊಮ್ಮೆ ಸಂಶೋಧನೆಯಲ್ಲಿ ಭಾಗವಹಿಸುವಂತೆ ಕೋರಲಾಗುತ್ತದೆ. ಒಂದು ಔಷಧ, ಲಸಿಕೆ ಅಥವಾ ಚಿಕಿತ್ಸಾ ವಿಧಾನವು ಎಷ್ಟು ಸುರಕ್ಷಿತ ಹಾಗೂ ಎಷ್ಟು ಪರಿಣಾಮಕಾರಿ ಎಂಬುದನ್ನು ನಿಯಮಬದ್ಧವಾಗಿ ಪರೀಕ್ಷಿಸುವ ಇಂತಹ ಸಂಶೋಧನೆಯನ್ನು ಚಿಕಿತ್ಸಾ ಪ್ರಯೋಗ ಅಥವಾ ಕ್ಲಿನಿಕಲ್ ಟ್ರಯಲ್ ಎನ್ನಲಾಗುತ್ತದೆ. ಚಿಕಿತ್ಸೆ ಪಡೆಯುವುದು ಮಹಿಳೆಯ ಹಕ್ಕು. ಪ್ರಯೋಗದಲ್ಲಿ ಭಾಗವಹಿಸುವುದು ಆಕೆಯ ಇಚ್ಛೆ. ಇವೆರಡೂ ಒಂದೇ ಆಸ್ಪತ್ರೆಯಲ್ಲಿ, ಹಲವು ಬಾರಿ ಒಂದೇ ವೈದ್ಯರಿಂದ ನಡೆಯುವುದರಿಂದ ಗೊಂದಲ ಉಂಟಾಗುವುದು ಸಹಜ.

ಬೆಳಗಾವಿ ಜಿಲ್ಲೆಯ ಪ್ರಯೋಗ

ಹೆರಿಗೆಯ ನಂತರದ ಅಧಿಕ ರಕ್ತಸ್ರಾವವು ತಾಯಂದಿರ ಮರಣದ ಪ್ರಮುಖ ಕಾರಣಗಳಲ್ಲಿ ಒಂದಾಗಿದೆ. ಇದನ್ನು ತಡೆಯಲು ನೀಡುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಾದ ಸ್ಥಳದಲ್ಲಿ ಶೇಖರಿಸಿಡಬೇಕಾಗುತ್ತದೆ. ಅದನ್ನು ನೀಡಲು ತರಬೇತಿ ಪಡೆದವರೂ ಬೇಕು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾಗುತ್ತಿದ್ದ ಗ್ರಾಮಗಳಲ್ಲಿ ಇವೆರಡೂ ದುರ್ಲಭವಾಗಿದ್ದವು. ಬಾಯಿಯ ಮೂಲಕ ನುಂಗುವ ಮಿಸೊಪ್ರೊಸ್ಟಾಲ್ ಮಾತ್ರೆಯು ಈ ಕೊರತೆಯನ್ನು ನೀಗಿಸಬಲ್ಲುದೇ ಎಂಬುದನ್ನು ತಿಳಿಯಲು 2002 ರಿಂದ 2005 ರವರೆಗೆ ಆಗಿನ ಬೆಳಗಾಂ, ಇಂದಿನ ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಪ್ರಯೋಗವೊಂದನ್ನು ನಡೆಸಲಾಯಿತು.

ಒಟ್ಟು 1,620 ಮಹಿಳೆಯರು ಇದರಲ್ಲಿ ಭಾಗವಹಿಸಿದರು. ಹೆರಿಗೆಯಾದ ಕೂಡಲೇ 812 ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಹಾಗೂ 808 ಮಂದಿಗೆ ಔಷಧಾಂಶವಿಲ್ಲದ, ನೋಡಲು ಅದರಂತೆಯೇ ಇರುವ ಪ್ಲಸೀಬೊ ಮಾತ್ರೆಯನ್ನು ನೀಡಲಾಯಿತು. ಯಾರಿಗೆ ಯಾವುದು ಎಂಬುದನ್ನು ವೈದ್ಯರಾಗಲಿ ದಾದಿಯರಾಗಲಿ ಆರಿಸುವಂತಿರಲಿಲ್ಲ. ಹೆರಿಗೆ ಮಾಡಿಸಿ, ಮಾತ್ರೆ ನೀಡಿ, ರಕ್ತಸ್ರಾವವನ್ನು ಅಳೆದವರು ಗ್ರಾಮಗಳ ಸಹಾಯಕ ದಾದಿಯರೇ. ಕಣ್ಣಂದಾಜಿನ ಬದಲು, ಬಾಣಂತಿಯ ಕೆಳಗೆ ಹಾಸುವ, ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಚೀಲವನ್ನು ಇದಕ್ಕಾಗಿ ಬಳಸಲಾಯಿತು.

ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚಿನ ರಕ್ತಸ್ರಾವವು ಪ್ಲಸೀಬೊ ಪಡೆದವರಲ್ಲಿ ಶೇ. 12 ರಷ್ಟಿದ್ದರೆ, ಔಷಧ ಪಡೆದವರಲ್ಲಿ ಶೇ. 6.4 ರಷ್ಟಿತ್ತು. ಅಂದರೆ 18 ಮಹಿಳೆಯರಿಗೆ ಮಾತ್ರೆ ನೀಡಿದಲ್ಲಿ ಒಬ್ಬರಲ್ಲಿ ಅಧಿಕ ರಕ್ತಸ್ರಾವವನ್ನು ತಪ್ಪಿಸಬಹುದು. ನಡುಕ ಮತ್ತು ಜ್ವರ ಕೆಲವರಲ್ಲಿ ಕಂಡುಬಂದು ಶಮನಗೊಂಡವು. ಫಲಿತಾಂಶವು 2006 ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲ್ ಅನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಪ್ಲಸೀಬೊ ಪಡೆದ 808 ಮಹಿಳೆಯರಿಲ್ಲದೆ ಈ ಹೋಲಿಕೆ ಸಾಧ್ಯವಿರಲಿಲ್ಲ. ಆದ್ದರಿಂದಲೇ ಭಾಗವಹಿಸುವ ಪ್ರತಿಯೊಬ್ಬರಿಗೂ ತಮಗೆ ಔಷಧ ದೊರೆಯದೇ ಇರಬಹುದೆಂಬುದನ್ನು ಮುಂಚಿತವಾಗಿ ತಿಳಿಸಬೇಕಾದುದು ಅತ್ಯಗತ್ಯ.

ಸಮ್ಮತಿ

ಸಂಶೋಧನೆಯ ಉದ್ದೇಶ, ಅವಧಿ, ಸಂಭವನೀಯ ತೊಂದರೆ, ಪ್ಲಸೀಬೊ ದೊರೆಯುವ ಸಾಧ್ಯತೆ ಹಾಗೂ ಲಭ್ಯವಿರುವ ಇತರ ಚಿಕಿತ್ಸೆಗಳನ್ನು ಮಹಿಳೆಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿದ ನಂತರವೇ ಲಿಖಿತ ಸಮ್ಮತಿಯನ್ನು ಪಡೆಯತಕ್ಕದ್ದು. ಓದಲು ಬಾರದವರಾಗಿದ್ದಲ್ಲಿ, ವಿವರಣೆ ನೀಡುವ ಪೂರ್ಣ ಅವಧಿಯಲ್ಲಿ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಹಾಜರಿದ್ದು ಸಹಿ ಮಾಡಬೇಕು. ವಯಸ್ಕ ಮಹಿಳೆಯ ವಿಷಯದಲ್ಲಿ ಪತಿ, ಅತ್ತೆ ಅಥವಾ ತಂದೆಯ ಒಪ್ಪಿಗೆಯು ಆಕೆಯ ಸ್ವಂತ ಸಮ್ಮತಿಗೆ ಬದಲಿಯಾಗಲಾರದು. ಮನೆಯವರೊಡನೆ ಸಮಾಲೋಚಿಸಲು ಕಾಲಾವಕಾಶ ಕೇಳಬಹುದಾಗಿದೆ. ಹೆರಿಗೆ ನೋವಿನ ನಡುವೆ ಮೊದಲ ಬಾರಿಗೆ ನಮೂನೆಯನ್ನು ಮುಂದಿಟ್ಟು ಪಡೆದ ಸಹಿಯನ್ನು ತಿಳಿದು ನೀಡಿದ ಸಮ್ಮತಿಯೆಂದು ಕರೆಯುವುದು ಕಷ್ಟ. ಗರ್ಭಿಣಿಯಾಗಿರುವಾಗಲೇ, ತಪಾಸಣೆಯ ಸಂದರ್ಭದಲ್ಲಿ ವಿವರಿಸುವುದು ಉತ್ತಮ ಕ್ರಮ.

ಹದಿನೆಂಟು ವರ್ಷದೊಳಗಿನವರಿಗೆ ಪೋಷಕರು ಅಥವಾ ಕಾನೂನುಬದ್ಧ ಪ್ರತಿನಿಧಿಯ ಸಮ್ಮತಿ ಅವಶ್ಯ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಕುರಿತು ಆಂಧ್ರಪ್ರದೇಶ ಹಾಗೂ ಗುಜರಾತ್‌ನಲ್ಲಿ 2009 ರಲ್ಲಿ ಆರಂಭವಾದ ಅಧ್ಯಯನದಲ್ಲಿ ಹಲವು ಬಾಲಕಿಯರ ಪರವಾಗಿ ವಸತಿನಿಲಯದ ಮೇಲ್ವಿಚಾರಕರು ಸಹಿ ಹಾಕಿದ್ದರು. ಅಧ್ಯಯನವನ್ನು 2010 ರಲ್ಲಿ ಸ್ಥಗಿತಗೊಳಿಸಲಾಯಿತು. ಸಂಸದೀಯ ಸ್ಥಾಯಿ ಸಮಿತಿಯು 2013 ರ ವರದಿಯಲ್ಲಿ ಈ ಲೋಪವನ್ನು ಕಟುವಾಗಿ ಟೀಕಿಸಿತು. ಆಕ್ಷೇಪವಿದ್ದುದು ಸಮ್ಮತಿ ಪಡೆದ ಕ್ರಮದ ಬಗ್ಗೆ; ಇದನ್ನು ಲಸಿಕೆಯೇ ಹಾನಿಕರವೆಂಬ ತೀರ್ಮಾನವಾಗಿ ಭಾವಿಸತಕ್ಕದ್ದಲ್ಲ.

ಪ್ರಯೋಗಕ್ಕೆ ಒಪ್ಪದಿರುವುದರಿಂದ ಅಥವಾ ಒಪ್ಪಿದ ನಂತರ ಯಾವುದೇ ಹಂತದಲ್ಲಿ ಹಿಂದೆ ಸರಿಯುವುದರಿಂದ ತಾಯಿ ಕಾರ್ಡ್, ಹೆರಿಗೆ ಸೌಲಭ್ಯ ಅಥವಾ ಎಂದಿನ ಚಿಕಿತ್ಸೆಗೆ ಯಾವುದೇ ಬಾಧಕ ಉಂಟಾಗಬಾರದು. ಹಿಂದೆ ಸರಿಯಲು ಕಾರಣ ನೀಡಬೇಕಾಗಿಲ್ಲ.

ನೈತಿಕ ಸಮಿತಿ ಮತ್ತು ನೋಂದಣಿ

ನೂತನ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು, 2019 ರನ್ವಯ ನೈತಿಕ ಸಮಿತಿಯ ಅನುಮೋದನೆಯಿಲ್ಲದೆ ಪ್ರಯೋಗವನ್ನು ಆರಂಭಿಸುವಂತಿಲ್ಲ. ಈ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅವರಲ್ಲಿ ಮಹಿಳೆ, ಕಾನೂನು ತಜ್ಞರು ಹಾಗೂ ವೈದ್ಯಕೀಯೇತರ ಸಾಮಾನ್ಯ ನಾಗರಿಕರು ಇರತಕ್ಕದ್ದು. ಅಧ್ಯಕ್ಷರು ಆ ಸಂಸ್ಥೆಗೆ ಸೇರದವರಾಗಿರಬೇಕು. ಭಾರತೀಯ ಚಿಕಿತ್ಸಾ ಪ್ರಯೋಗಗಳ ನೋಂದಣಿ ವ್ಯವಸ್ಥೆಯು 2007 ರಲ್ಲಿ ಪ್ರಾರಂಭವಾಗಿದ್ದು, 2009 ರ ಜೂನ್ 15 ರಿಂದ ಪ್ರಯೋಗಗಳ ನೋಂದಣಿ ಕಡ್ಡಾಯವಾಗಿದೆ. ಸಿಟಿಆರ್‌ಐ ಎಂಬ ಅಕ್ಷರಗಳಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಸಂಶೋಧಕರಿಂದ ಕೇಳಿ ಪಡೆದು, ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಪರಿಶೀಲಿಸಬಹುದಾಗಿದೆ.

ಹಾನಿಯುಂಟಾದಲ್ಲಿ

ನೂತನ ಔಷಧದ ಪ್ರಯೋಗದ ಅವಧಿಯಲ್ಲಿ ಹಾನಿಯುಂಟಾದರೆ ಉಚಿತ ಚಿಕಿತ್ಸೆಯನ್ನು ಒದಗಿಸತಕ್ಕದ್ದು. ಹಾನಿಯು ಪ್ರಯೋಗಕ್ಕೆ ಸಂಬಂಧಿಸಿದ್ದೆಂದು ನಿರ್ಧಾರವಾದಲ್ಲಿ ಪ್ರಾಯೋಜಕರು ಆರ್ಥಿಕ ಪರಿಹಾರವನ್ನೂ ನೀಡಬೇಕು. ತಾಯಿ ಅಥವಾ ತಂದೆ ಪ್ರಯೋಗದಲ್ಲಿ ಭಾಗವಹಿಸಿದ ಕಾರಣದಿಂದ ಗರ್ಭದಲ್ಲಿರುವ ಶಿಶುವಿಗೆ ಆಗುವ ತೊಂದರೆಯೂ ಪ್ರಯೋಗ ಸಂಬಂಧಿತ ಹಾನಿಯೆಂದೇ ಪರಿಗಣಿತವಾಗುತ್ತದೆ. ಈ ಅಂಶವು ಅನೇಕರ ಗಮನಕ್ಕೆ ಬರುವುದೇ ಇಲ್ಲ. ಗಂಭೀರ ಸ್ವರೂಪದ ತೊಂದರೆಯನ್ನು ಸಂಶೋಧಕರು 24 ಗಂಟೆಗಳೊಳಗಾಗಿ ಕೇಂದ್ರ ಪರವಾನಗಿ ಪ್ರಾಧಿಕಾರ, ಪ್ರಾಯೋಜಕರು ಹಾಗೂ ನೈತಿಕ ಸಮಿತಿಗೆ ವರದಿ ಮಾಡಬೇಕಾಗುತ್ತದೆ. ನೂತನ ಔಷಧವಲ್ಲದ ಇತರ ಸಂಶೋಧನೆಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017 ರ ನೈತಿಕ ಮಾರ್ಗಸೂಚಿಗಳು ಅನ್ವಯವಾಗುತ್ತವೆ.

ಭಾಗವಹಿಸುವವರು ಮಾಹಿತಿ ಪತ್ರ ಹಾಗೂ ಸಹಿ ಮಾಡಿದ ಸಮ್ಮತಿ ಪತ್ರದ ಪ್ರತಿಯನ್ನು ತಪ್ಪದೆ ಪಡೆದು, ತಾಯಿ ಕಾರ್ಡ್‌ನೊಂದಿಗೆ ಇಟ್ಟುಕೊಳ್ಳತಕ್ಕದ್ದು. ಸಂಶೋಧಕರ ಮತ್ತು ನೈತಿಕ ಸಮಿತಿಯ ದೂರವಾಣಿ ಸಂಖ್ಯೆಗಳು ಮಾಹಿತಿ ಪತ್ರದಲ್ಲಿ ನಮೂದಾಗಿರುತ್ತವೆ. ಬೇರೆ ಆಸ್ಪತ್ರೆಗೆ ದಾಖಲಾಗುವ ಸಂದರ್ಭ ಬಂದಲ್ಲಿ ಅಲ್ಲಿನ ವೈದ್ಯರಿಗೂ ಈ ಪತ್ರಗಳನ್ನು ತೋರಿಸುವುದು.