ಕಣಗಿನಹಾಳದಿಂದ ಡೊಂಬಿವಲಿಗೆ: ಸ್ವಂತ ಮನೆಯ ಒಂದು ಚರಿತ್ರೆ

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಹೇಳಹೊರಟಾಗ ನಾವು ಸಾಮಾನ್ಯವಾಗಿ ಸಂಘಸಂಸ್ಥೆಗಳಿಂದ, ರಾತ್ರಿಶಾಲೆಗಳಿಂದ, ಹೋಟೆಲುಗಳಿಂದ, ಯಕ್ಷಗಾನ ಮಂಡಳಿಗಳಿಂದ ಆರಂಭಿಸುತ್ತೇವೆ. ಇವುಗಳನ್ನೆಲ್ಲ ಕಟ್ಟಿದವರು ರಾತ್ರಿ ಎಲ್ಲಿ ಮಲಗುತ್ತಿದ್ದರು, ಮದುವೆಯಾದ ಮೇಲೆ ಎಲ್ಲಿ ಸಂಸಾರ ಹೂಡಿದರು, ಕೊನೆಗೆ ಯಾವ ಊರಿನ ಯಾವ ಗೋಡೆಗಳನ್ನು ತಮ್ಮವೆಂದು ಕರೆದರು ಎಂಬ ಪ್ರಶ್ನೆ ಬದಿಗೇ ಉಳಿದುಬಿಡುತ್ತದೆ. ಆದರೆ ಇಂದು ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮಂಥ ಕುಟುಂಬಗಳ ಮಟ್ಟಿಗೆ ಮನೆಯ ಚರಿತ್ರೆಯೇ ವಲಸೆಯ ಚರಿತ್ರೆಯ ಅರ್ಧಭಾಗ. ಅದರಲ್ಲಿ ಕನ್ನಡ ನಾಡಿನ ಪಾಲು ನಾವು ಎಣಿಸುವುದಕ್ಕಿಂತ ದೊಡ್ಡದು.

ಈ ನೆಲಕ್ಕೂ ಕನ್ನಡಕ್ಕೂ ಇರುವ ಸಂಬಂಧ ನೌಕರಿ ಅರಸಿ ಬಂದವರಿಂದ ಆರಂಭವಾದುದಲ್ಲ. ಥಾಣೆಯ ಹಳೆಯ ಹೆಸರು ಸ್ಥಾನಕ. ಉತ್ತರ ಕೊಂಕಣವನ್ನಾಳಿದ ಶಿಲಾಹಾರರ ರಾಜಧಾನಿ ಅದು. ಈ ಶಿಲಾಹಾರರು ಮೊದಲಿಗೆ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರು. ಥಾಣೆಗೆ ಸಮೀಪದ ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರು ಬರುತ್ತದೆ. ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ಅರಸ ಆತನೇ. ಕಲ್ಯಾಣ ಎಂದೊಡನೆ ನಮಗೆ ನೆನಪಾಗುವುದು ಚಾಲುಕ್ಯರ ಮತ್ತು ಬಸವಣ್ಣನವರ ಕಲ್ಯಾಣ. ಉಲ್ಹಾಸ ನದಿಯ ದಡದ ಈ ಕಲ್ಯಾಣ್ ಬೇರೆ. ಕ್ರಿಸ್ತಶಕದ ಆರಂಭದ ಶತಮಾನಗಳಲ್ಲಿಯೇ ಗ್ರೀಕ್ ನಾವಿಕರಿಗೆ ಪರಿಚಿತವಾಗಿದ್ದ ಬಂದರು ಅದು. ಅಲ್ಲಿಂದ ಸ್ವಲ್ಪವೇ ದೂರದ ಅಂಬರನಾಥದಲ್ಲಿ 1060ರ ಶಿವಾಲಯ ಇಂದಿಗೂ ನಿಂತಿದೆ. ಲೋಕಲ್ ಗಾಡಿಯ ಕಿಟಕಿಯಿಂದ ಬರಿಯ ಕಟ್ಟಡಗಳ ಸಾಲಾಗಿ ಕಾಣುವ ಈ ಊರುಗಳಿಗೆ ಇಂಥ ಪೂರ್ವಾಶ್ರಮವಿದೆ ಎಂಬುದನ್ನು ನಾವು ಮರೆಯಬಾರದು.

ಆಧುನಿಕ ಕಥೆ ಹಳಿಯ ಮೇಲೆ ಬಂದಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ತಲುಪಿದ್ದು ಥಾಣೆಯನ್ನು. ಮರುವರ್ಷ ಅದು ಖಾಡಿಯನ್ನು ದಾಟಿ ಕಲ್ಯಾಣಕ್ಕೆ ಬಂದಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಧಾರವಾಡ, ಬೆಳಗಾವಿ, ವಿಜಾಪುರಗಳು ಮೊದಲೇ ಆ ಪ್ರಾಂತದಲ್ಲಿದ್ದವು. ಹೀಗೆ 1956ರವರೆಗೆ ಈ ನಾಲ್ಕು ಜಿಲ್ಲೆಗಳ ಜನರಿಗೆ ಮುಂಬಯಿಯೇ ರಾಜಧಾನಿ. ಕಚೇರಿ, ನ್ಯಾಯಾಲಯ, ಕಾಲೇಜುಗಳನ್ನು ಅರಸಿ ಬಂದವರು ಪರದೇಶಕ್ಕೇನೂ ಬಂದಿರಲಿಲ್ಲ. ಆದರೆ ರಾಜಧಾನಿಯಲ್ಲಿ ಅವರಿಗೆ ಮನೆಯಿರಲಿಲ್ಲ.

ಇಲ್ಲಿ ನಾವು ಗದಗಿನ ಕಡೆಗೆ ತಿರುಗಬೇಕು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಲಗಾರನ ಬಾಗಿಲಿಗೆ ಒಬ್ಬೊಬ್ಬನಾಗಿ ಹೋಗಿ ಸೋಲುವ ರೈತರು ಒಟ್ಟಾಗಿ ಒಂದು ಹೆಸರಾದರೆ ಉಳಿಯಬಲ್ಲರು ಎಂಬುದೇ ಆ ಸಂಘದ ತಿರುಳು. 1906ರಲ್ಲಿ ಮುಂಬಯಿಯಲ್ಲಿ ಶ್ರೀಪಾದ ಸುಬ್ರಾವ್ ತಲ್ಮಕಿಯವರು ಉತ್ತರ ಕನ್ನಡ ಮೂಲದ ಸಾರಸ್ವತ ಬಂಧುಗಳಿಗಾಗಿ ತಮ್ಮ ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಒಂದು ಪತ್ತಿನ ಸಂಘವನ್ನು ತೆರೆದರು. ಅದೇ ಮುಂದೆ ಶಾಮರಾವ್ ವಿಠಲ ಸಹಕಾರಿ ಬ್ಯಾಂಕು. ಸಾಲದ ಸಮಸ್ಯೆಗೆ ಒದಗಿದ ಉಪಾಯ ಸೂರಿನ ಸಮಸ್ಯೆಗೂ ಒದಗೀತೆಂದು ತಲ್ಮಕಿಯವರು ಕಂಡುಕೊಂಡರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ನೋಂದಣಿಯಾಯಿತು. ಬೆಂಗಳೂರಿನಲ್ಲಿ 1909ರಲ್ಲಿಯೇ ಒಂದು ಗೃಹನಿರ್ಮಾಣ ಸಹಕಾರ ಸಂಘ ಹುಟ್ಟಿತ್ತು. ಗಾಮದೇವಿಯ ವೈಶಿಷ್ಟ್ಯವಿದ್ದದ್ದು ಅದರ ಒಡೆತನದ ವ್ಯವಸ್ಥೆಯಲ್ಲಿ. ನೆಲವೂ ಕಟ್ಟಡವೂ ಸಂಘದವು, ಸದಸ್ಯರು ಸಂಘದ ಬಾಡಿಗೆದಾರರು, ಸಂಘವೆಂದರೆ ಸದಸ್ಯರೇ. ಬಾಡಿಗೆದಾರನೂ ಮಾಲೀಕನೂ ಒಬ್ಬನೇ ಆಗುವ ಈ ಸರಳ ಏರ್ಪಾಡು ಇಂದು ಮಹಾರಾಷ್ಟ್ರದ ಉದ್ದಗಲಕ್ಕೂ ನಾವು ‘ಸೊಸೈಟಿ’ ಎಂದು ಕರೆಯುವ ವ್ಯವಸ್ಥೆಯ ಮೂಲಪುರುಷ. ತಾಡದೇವಿನ ತಲ್ಮಕಿವಾಡಿ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಗಾಮದೇವಿಯ ಅನುಕೂಲ ಎಲ್ಲ ಕನ್ನಡಿಗರಿಗೂ ಸಿಗಲಿಲ್ಲ. ಕರಾವಳಿಯಿಂದ ಬಂದ ಹುಡುಗರು ಹಗಲಲ್ಲಿ ತಾವೇ ಒರೆಸಿದ ಹೋಟೆಲಿನ ಮೇಜುಗಳ ಮೇಲೆ ರಾತ್ರಿ ಮಲಗಿದರು; ಗಿರಣಿಗೆ, ಗೋದಿಗೆ, ಕಚೇರಿಗೆ ಹೋಗುವವರು ಚಾಳಿನ ಒಂದು ಖೋಲಿಯನ್ನು ಹಲವರು ಹಂಚಿಕೊಂಡರು. ಯುದ್ಧಕಾಲದಲ್ಲಿ ಬಾಡಿಗೆ ಏರಿದಾಗ ಸರಕಾರ ತಡೆಯೊಡ್ಡಿತು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಒಳಗಿದ್ದವರಿಗೆ ಅದು ವರವಾಯಿತು. ಹೊರಗಿನಿಂದ ಬಂದವರಿಗೆ ಬಾಗಿಲೇ ಮುಚ್ಚಿತು, ಏಕೆಂದರೆ ಬಾಡಿಗೆಗಾಗಿ ಹೊಸ ಕಟ್ಟಡ ಕಟ್ಟುವುದು ಯಾರಿಗೂ ಲಾಭದ ಮಾತಾಗಿ ಉಳಿಯಲಿಲ್ಲ. ಇದ್ದ ಖೋಲಿಗಳು ‘ಪಗಡಿ’ಯ ಮೇಲೆ ಕೈಬದಲಾದವು. ಬಾಡಿಗೆ ಮನೆ ಸಿಗದಿದ್ದ ಮೇಲೆ ಉಳಿದದ್ದು ಒಂದೇ ದಾರಿ: ಕೊಳ್ಳುವುದು. ಪಟ್ಟಣದೊಳಗೆ ಕೊಳ್ಳುವ ಶಕ್ತಿಯಿಲ್ಲದವರು ಹಳಿಯ ಗುಂಟ ಹೊರನಡೆದರು. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆ ಮತ್ತು 1963ರ ಫ್ಲ್ಯಾಟು ಮಾಲೀಕತ್ವದ ಕಾಯಿದೆ, ಅಂದರೆ ‘ಮೋಫಾ’, ಈ ನಡಿಗೆಗೆ ಕಾನೂನಿನ ಆಧಾರ ಒದಗಿಸಿದವು.

ಡೊಂಬಿವಲಿ ಮಧ್ಯಮವರ್ಗದ ಊರಾದದ್ದು ಹೀಗೆ. ಕಚೇರಿಗೆ ನೇರ ಗಾಡಿ, ಕೈಗೆಟುಕುವ ದರದ ಒಂದು ಹಜಾರ ಮತ್ತು ಒಂದು ಅಡಿಗೆಮನೆ, ಅರುವತ್ತರ ದಶಕದಲ್ಲಿ ಬಂದ ಕೈಗಾರಿಕಾ ವಸಾಹತು, ನಡೆದುಹೋಗುವ ದೂರದಲ್ಲಿ ಶಾಲೆ, ಇಷ್ಟು ಸಾಕಾಗಿತ್ತು. ಕನ್ನಡಿಗರು ಇಲ್ಲಿಗೆ ಬರುವಾಗ ತಮ್ಮ ಸಂಘವನ್ನೂ ಶಾಲೆಯನ್ನೂ ಬೆನ್ನಿಗೆ ಕಟ್ಟಿಕೊಂಡೇ ಬಂದರು. ಡೊಂಬಿವಲಿ ಕರ್ನಾಟಕ ಸಂಘ ಮತ್ತು ಅದು ನಡೆಸುವ ಮಂಜುನಾಥ ವಿದ್ಯಾಲಯ ಆ ಕಾಲದ ಸಾಕ್ಷಿಗಳು. ಥಾಣೆಗೆ 1982ರಲ್ಲಿ, ಕಲ್ಯಾಣ-ಡೊಂಬಿವಲಿಗೆ 1983ರಲ್ಲಿ ಮಹಾನಗರಪಾಲಿಕೆಯ ಪಟ್ಟ ದೊರೆಯಿತು.

ನವಿಮುಂಬಯಿಯ ಕಥೆ ಬೇರೆ. ಅದು ತಾನಾಗಿ ಬೆಳೆದ ಊರಲ್ಲ, ಯೋಚಿಸಿ ಬರೆದ ಊರು. ಖಾಡಿಯ ಆಚೆಗೆ ಒಂದು ಹೊಸ ನಗರವನ್ನೇ ಕಟ್ಟಬೇಕೆಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಶ್ ಪಟೇಲ್ ಎಂಬ ಮೂವರು 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಪ್ರತಿಪಾದಿಸಿದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಯಿತು. 344 ಚದರ ಕಿಲೋಮೀಟರ್ ವಿಸ್ತಾರದಲ್ಲಿ 95 ಹಳ್ಳಿಗಳ ನೆಲ ಯೋಜನೆಯೊಳಗೆ ಸೇರಿತು. 1973ರಲ್ಲಿ ವಾಶಿಯ ಸೇತುವೆ ಬಂದಿತು. ರೈಲು ಬರಲು ಮಾತ್ರ 1992ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಕೊರಿಯಾ ಅವರು ಬೇಲಾಪುರದಲ್ಲಿ ಎಂಬತ್ತರ ದಶಕದಲ್ಲಿ ಕಟ್ಟಿಸಿದ ಮನೆಗಳಲ್ಲಿ ಒಂದರ ಗೋಡೆ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಕುಟುಂಬ ಬೆಳೆದಂತೆ ಮನೆಯೂ ಬೆಳೆಯಬೇಕು, ಏಳು ಮನೆಗಳಿಗೊಂದು ಅಂಗಳವಿರಬೇಕು ಎಂಬುದು ಅವರ ಆಲೋಚನೆ. ತೊಟ್ಟಿಮನೆಯ ನೆನಪುಳ್ಳವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಹೊಸ ನಗರದ ನೆಲ ಬರಿದಾಗಿರಲಿಲ್ಲ. ಅಲ್ಲಿ ಆಗ್ರಿ, ಕೋಳಿ ಸಮುದಾಯಗಳ ಗದ್ದೆ, ಉಪ್ಪಿನಾಗರ, ಮೀನುಗಾರಿಕೆಗಳಿದ್ದವು. ಪರಿಹಾರಕ್ಕಾಗಿ ದಿ. ಬಾ. ಪಾಟೀಲರ ನಾಯಕತ್ವದಲ್ಲಿ ನಡೆದ ಹೋರಾಟದ ಮೇಲೆ 1984ರ ಜನವರಿಯಲ್ಲಿ ಗುಂಡು ಹಾರಿತು. ಐವರು ರೈತರು ಮಡಿದರು. ನೆಲ ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಭೂಮಿಯ ಶೇಕಡ 12.5ರಷ್ಟು ಭಾಗವನ್ನು ಮರಳಿಸುವ ಯೋಜನೆ ಆ ರಕ್ತದ ಫಲ. ನೆರೂಳಿನಲ್ಲೋ ಖಾರ್ಘರಿನಲ್ಲೋ ಮನೆ ಕೊಂಡ ನಮಗೆ ದಸ್ತಾವೇಜಿನಲ್ಲಿ ಈ ‘ಸಾಡೇಬಾರಾ ಟಕ್ಕೆ’ ಎಂಬ ಮಾತು ಎದುರಾದರೆ ಅದನ್ನು ಕೇವಲ ಪಾರಿಭಾಷಿಕ ಪದವೆಂದು ಓದಬಾರದು. ಅದೇ ರೀತಿ ಸಿಡ್ಕೋ ನೆಲವನ್ನು ಮಾರಿದ್ದಿಲ್ಲ, ದೀರ್ಘ ಗುತ್ತಿಗೆಗೆ ಕೊಟ್ಟದ್ದು. ಆದ್ದರಿಂದ ಮನೆ ಕೈಬದಲಾಗುವಾಗ ಸಿಡ್ಕೋದ ಒಪ್ಪಿಗೆ ಬೇಕಾಗುತ್ತದೆ ಎಂಬುದನ್ನು ಕೊಳ್ಳುವವರು ಮೊದಲೇ ತಿಳಿದಿರಬೇಕು.

ಒಳ್ಳೆಯದನ್ನಷ್ಟೇ ಹೇಳಿ ಮುಗಿಸಿದರೆ ಚರಿತ್ರೆ ಅಭಿನಂದನಾ ಗ್ರಂಥವಾಗುತ್ತದೆ. 2013ರ ಏಪ್ರಿಲ್ 4ರಂದು ಮುಂಬ್ರಾ ಸಮೀಪದ ಶೀಳಫಾಟಾದಲ್ಲಿ ಅನಧಿಕೃತವಾಗಿ ಏಳುತ್ತಿದ್ದ ಕಟ್ಟಡವೊಂದು ಕುಸಿದು 74 ಮಂದಿ ಸತ್ತರು. 2015ರ ಜುಲೈಯಲ್ಲಿ ಠಾಕುರ್ಲಿಯ ಹಳೆಯ ಕಟ್ಟಡವೊಂದು ರಾತ್ರಿ ಕುಸಿದು ಜೀವಗಳನ್ನು ಬಲಿತೆಗೆದುಕೊಂಡಿತು. ಕಲ್ಯಾಣ-ಡೊಂಬಿವಲಿಯ ಅಂಚಿನ 27 ಹಳ್ಳಿಗಳು ಪಾಲಿಕೆಯೊಳಗೆ ಸೇರಿ, ಹೊರಬಂದು, 2015ರಲ್ಲಿ ಮತ್ತೆ ಒಳಸೇರಿದವು. ಪರವಾನಗಿ ಕೊಡುವವರು ಯಾರು ಎಂಬ ಪ್ರಶ್ನೆ ಸಡಿಲವಾದೆಡೆ ಅಕ್ರಮ ಬೇರುಬಿಡುತ್ತದೆ. 2024ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಕಲ್ಯಾಣ-ಡೊಂಬಿವಲಿಯ 65 ಕಟ್ಟಡಗಳನ್ನು ಕೆಡವಲು ಆದೇಶಿಸಿತು. ಪಾಲಿಕೆಯ ನಕಲಿ ಪರವಾನಗಿಗಳನ್ನು ಸೃಷ್ಟಿಸಿ, ಅವುಗಳ ಬಲದಿಂದ ರೇರಾ ನೋಂದಣಿಯನ್ನು ಪಡೆದ ಕಟ್ಟಡಗಳು ಅವು. ಅಲ್ಲಿ ವಾಸವಾಗಿದ್ದವರು ಬ್ಯಾಂಕಿನ ಸಾಲ ಪಡೆದು, ಮುದ್ರಾಂಕ ಶುಲ್ಕ ತೆತ್ತು, ನೋಂದಣಿ ಮಾಡಿಸಿಕೊಂಡೇ ಮನೆ ಕೊಂಡವರು. ಕಾಗದಗಳೆಲ್ಲ ಇದ್ದೂ ಮನೆ ಇಲ್ಲವಾಗುವ ಸ್ಥಿತಿ ಅವರದು.

ಇದರಿಂದ ಹೊಸದಾಗಿ ಮನೆ ಕೊಳ್ಳಹೊರಟ ನಮ್ಮ ತರುಣರಿಗೆ ಒಂದು ಪಾಠವಿದೆ. 2017ರ ಮೇ ತಿಂಗಳಿನಿಂದ ಮಹಾರೇರಾ ಇದೆ. ಅದರ ನೋಂದಣಿ ಸಂಖ್ಯೆಯನ್ನು ನೋಡುವುದು ಅಗತ್ಯ, ಆದರೆ ಅಷ್ಟರಿಂದಲೇ ನಿಶ್ಚಿಂತರಾಗಲಾಗದು. ನಿರ್ಮಾಣದ ಪರವಾನಗಿಯನ್ನು ಪಾಲಿಕೆಯ ನಗರರಚನಾ ವಿಭಾಗದಲ್ಲಿ ನೇರವಾಗಿ ತಾಳೆನೋಡಬೇಕು. ನೆಲದ ‘ಸಾತ್‌ಬಾರಾ’ ಉತಾರವನ್ನು ಓದಬೇಕು. ಪಹಣಿಯನ್ನು ಓದಿ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ಇದು ಹೊಸತಲ್ಲ. ಕಟ್ಟಡ ಪೂರ್ಣವಾಗಿದ್ದರೆ ವಾಸಯೋಗ್ಯತೆಯ ಪ್ರಮಾಣಪತ್ರವನ್ನು ಕೇಳಬೇಕು; ಹಳೆಯ ಮನೆಯಾದರೆ ಸೊಸೈಟಿಯ ಷೇರು ಪ್ರಮಾಣಪತ್ರವನ್ನೂ ವಾರ್ಷಿಕ ಸಭೆಯ ನಡಾವಳಿಯನ್ನೂ ನೋಡಬೇಕು.

ಇನ್ನೊಂದು ಕಾಗದವನ್ನು ನಾವು ಬಹುತೇಕ ಮರೆತಿರುತ್ತೇವೆ. ಅದು ನೆಲದ ಹಸ್ತಾಂತರ ಪತ್ರ, ಇಲ್ಲಿನ ಆಡುಮಾತಿನಲ್ಲಿ ‘ಕನ್ವೇಯನ್ಸ್’. ಥಾಣೆ-ಡೊಂಬಿವಲಿಗಳಲ್ಲಿ ಬಿಲ್ಡರರು ರೈತನೊಡನೆ ಕರಾರು ಮಾಡಿಕೊಂಡು ಕಟ್ಟಡ ಕಟ್ಟಿ ಫ್ಲ್ಯಾಟುಗಳನ್ನು ಮಾರಿದರು. ಸೊಸೈಟಿ ನೋಂದಣಿಯಾಯಿತು. ಆದರೆ ಎಷ್ಟೋ ಕಡೆ ಉತಾರದಲ್ಲಿ ಇಂದಿಗೂ ಇರುವುದು ಮೂಲ ಮಾಲೀಕನ ಅಥವಾ ಬಿಲ್ಡರನ ಹೆಸರು. ಮೋಫಾದ ಪ್ರಕಾರ ಬಿಲ್ಡರರು ತಾವಾಗಿ ಮಾಡಿಕೊಡಬೇಕಾದ ಈ ಹಸ್ತಾಂತರ ನಡೆಯದೇ ಹೋದದ್ದರಿಂದಲೇ 2008ರ ತಿದ್ದುಪಡಿಯಲ್ಲಿ ‘ಡೀಮ್ಡ್ ಕನ್ವೇಯನ್ಸ್’ ಎಂಬ ಉಪಾಯ ಬಂದಿತು. ಬಿಲ್ಡರರು ಒಪ್ಪದಿದ್ದರೂ ಸಕ್ಷಮ ಪ್ರಾಧಿಕಾರಿಯಾದ ಜಿಲ್ಲಾ ಉಪನಿಬಂಧಕರ ಮುಂದೆ ಅರ್ಜಿ ಹಾಕಿ ಸೊಸೈಟಿ ನೆಲದ ಹಕ್ಕನ್ನು ಪಡೆಯಬಹುದು.

ನಾವು ವಾಸಿಸುವ ಕಟ್ಟಡವೂ ಎಂಬತ್ತರ ದಶಕದ್ದು. ಅದರ ಸೊಸೈಟಿಯ ದಫ್ತರವನ್ನು ವರ್ಷಾನುವರ್ಷ ಕುಂದಾಪುರದ ಹಿರಿಯರೊಬ್ಬರು ನೋಡಿಕೊಂಡರು. ನಡಾವಳಿಯನ್ನು ಮರಾಠಿಯಲ್ಲಿ ಬರೆದು, ಲೆಕ್ಕವನ್ನು ಮಾತ್ರ ಕನ್ನಡದಲ್ಲಿ ಬಾಯೊಳಗೇ ಎಣಿಸುತ್ತಿದ್ದರು. ಈಗ ಕಂಬಗಳಲ್ಲಿ ಕಬ್ಬಿಣ ಕಾಣಿಸತೊಡಗಿದೆ. ಪುನರ್ನಿರ್ಮಾಣದ ಮಾತು ಬಂದಾಗ ನೆಲ ನಮ್ಮ ಹೆಸರಿನಲ್ಲಿಲ್ಲವೆಂಬುದು ಗೊತ್ತಾಯಿತು. ಹಿರಿಯರು ಕಪಾಟಿನಿಂದ ಮೂಲ ಕರಾರುಗಳ ಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟು, “ಇದನ್ನು ನಾವು ಅಂದೇ ಮಾಡಿಸಬೇಕಿತ್ತು. ಗಡಿಬಿಡಿಯಲ್ಲಿ ಮನೆಯೊಳಗೆ ಬಂದುಬಿಟ್ಟೆವು” ಎಂದರು. ಅವರ ದನಿಯಲ್ಲಿ ಕ್ಷಮೆ ಯಾಚನೆಯಿತ್ತು. ಮೊದಲ ಬಾರಿ ಸ್ವಂತ ಬಾಗಿಲಿನ ಬೀಗ ತೆರೆದವರಿಗೆ ಕಾಲಡಿಯ ನೆಲದ ಕಾಗದ ನೆನಪಾಗದಿದ್ದರೆ ಅದು ಕ್ಷಮಿಸಬಹುದಾದ ತಪ್ಪೇ ಸರಿ. ಆದರೆ ಗಾಮದೇವಿಯ ಆ ಹಿರಿಯರು ಮೊದಲು ಸಂಘದ ಹೆಸರಿಗೆ ನೆಲವನ್ನು ಮಾಡಿಕೊಂಡು, ಆಮೇಲೆ ಗೋಡೆ ಎಬ್ಬಿಸಿದ್ದರು. ನಾವು ಗೋಡೆಯಿಂದ ಆರಂಭಿಸಿದೆವು.

ಸೆಪ್ಟೆಂಬರಿನೊಳಗೆ ನಡೆಯಬೇಕಾದ ವಾರ್ಷಿಕ ಸಭೆಗೆ ನಮ್ಮಲ್ಲಿ ಕೋರಂ ತುಂಬುವುದೇ ಅಪರೂಪವಾಗಿತ್ತು. ಈ ಸಲ ತುಂಬಿತು. ಮರಾಠಿಯ, ತುಳುವಿನ, ಕನ್ನಡದ, ಗುಜರಾತಿಯ ಮನೆಗಳವರೆಲ್ಲ ಕೂತು ಕನ್ವೇಯನ್ಸಿನ ಅರ್ಜಿಗೆ ಒಪ್ಪಿಗೆ ಕೊಟ್ಟರು. ಒಬ್ಬೊಬ್ಬರಾಗಿ ಸೋಲುವವರು ಒಂದು ಹೆಸರಾಗಿ ನಿಲ್ಲಬಹುದೆಂದು ಕಣಗಿನಹಾಳದ ರೈತರು ಕಂಡುಕೊಂಡ ಸತ್ಯವನ್ನು, ನೂರು ವರ್ಷಗಳ ಮೇಲೆ, ಡೊಂಬಿವಲಿಯ ಒಂದು ಕಟ್ಟಡದ ತಳಮಾಳಿಗೆಯಲ್ಲಿ ನಾವು ಮತ್ತೊಮ್ಮೆ ಕಲಿಯುತ್ತಿದ್ದೇವೆ. ಹಿರಿಯರು ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಸಹಿಗಾಗಿ ಪೆನ್ನನ್ನು ಮುಂದಿನವರ ಕೈಗೆ ದಾಟಿಸಿದರು.