ಕಡ್ಡಿಯ ದಾರಿ, ಎಣ್ಣೆಯ ದಾರಿ

ಕಿವಿಯಲ್ಲಿ ತುಸು ನವೆಯಾದರೆ ಸಾಕು, ನಮ್ಮ ಕೈ ಬೆಂಕಿಕಡ್ಡಿಯನ್ನೋ ತಲೆಪಿನ್ನನ್ನೋ ಅರಸತೊಡಗುತ್ತದೆ. ಈ ಚಪಲ ಇಂದು ನಿನ್ನೆಯದಲ್ಲ. ಹರಪ್ಪದ ಉತ್ಖನನದಲ್ಲಿ ತಾಮ್ರದ ಮೂರು ಸಣ್ಣ ಉಪಕರಣಗಳು ಒಂದೇ ಕಟ್ಟಿನಲ್ಲಿ ದೊರೆತಿವೆ: ಒಂದು ಚಿಮಟ, ಒಂದು ದಬ್ಬಳ, ಇನ್ನೊಂದು ಕಿವಿಯ ಗುಗ್ಗೆ ತೆಗೆಯುವ ಕಡ್ಡಿ. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ನಾಗರಿಕನ ಲಿಪಿಯನ್ನು ನಾವಿನ್ನೂ ಓದಲಾರೆವು. ಅವನ ಕಿವಿಯ ನವೆ ಮಾತ್ರ ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಾಚೀನರಿಗೆ ಕಡ್ಡಿಯಲ್ಲದೆ ಇನ್ನೊಂದು ದಾರಿಯೂ ತಿಳಿದಿತ್ತು. 28 ಕರ್ಣರೋಗಗಳನ್ನು ಎಣಿಸಿರುವ ಸುಶ್ರುತಸಂಹಿತೆ, ಗುಗ್ಗೆ ಒಣಗಿ ಕಟ್ಟಿಕೊಳ್ಳುವುದನ್ನು ‘ಕರ್ಣಗೂಥ’ವೆಂದು ಕರೆಯಿತು. ಅದು ಹೇಳುವ ಚಿಕಿತ್ಸೆಯ ಕ್ರಮವನ್ನು ಗಮನಿಸಬೇಕು. ಮೊದಲು ಎಣ್ಣೆಯಿಂದ ನೆನೆಸುವುದು, ಬಳಿಕ ಶಾಖದಿಂದ ಸಡಿಲಿಸುವುದು. ಶಲಾಕೆಯ ಸರದಿ ಕೊನೆಗೆ, ಅದೂ ಬಲ್ಲ ವೈದ್ಯನ ಕೈಯಲ್ಲಿ. ಕ್ರಿಸ್ತಶಕ 1ನೆಯ ಶತಮಾನದ ರೋಮಿನ ಸೆಲ್ಸಸ್ ಕೂಡ ಗಟ್ಟಿ ಗುಗ್ಗೆಯನ್ನು ಮೊದಲು ನೆನೆಸಿ, ಮೆತ್ತಗಾದ ಮೇಲೆ ಉಗುರುಬೆಚ್ಚನೆಯ ನೀರಿನಿಂದ ತೊಳೆಯಬೇಕೆಂದು ಬರೆದಿದ್ದಾನೆ.

ಈ ‘ಉಗುರುಬೆಚ್ಚನೆ’ಯ ಬೆಲೆ ಸ್ಪಷ್ಟವಾದುದು 20ನೆಯ ಶತಮಾನದ ಆರಂಭದಲ್ಲಿ. ವಿಯೆನ್ನಾದ ವೈದ್ಯ ರಾಬರ್ಟ್ ಬಾರಾನಿ, ಕಿವಿ ತೊಳೆಸಿಕೊಂಡ ರೋಗಿಗಳಿಗೆ ತಲೆಸುತ್ತು ಬರುವುದನ್ನು ಕಂಡರು. ನೀರು ತಣ್ಣಗಿದ್ದರೆ ಕಣ್ಣುಗುಡ್ಡೆಗಳು ಒಂದು ದಿಕ್ಕಿಗೆ ಅದುರುತ್ತಿದ್ದುವು, ಬಿಸಿಯಾಗಿದ್ದರೆ ಇನ್ನೊಂದು ದಿಕ್ಕಿಗೆ. ಕಿವಿಯೊಳಗಿನ ಸಮತೋಲದ ಅಂಗವನ್ನು ಪರೀಕ್ಷಿಸುವ ಹಾದಿ ಹೀಗೆ ತೆರೆಯಿತು. ಬಾರಾನಿಯವರಿಗೆ 1914ರ ನೊಬೆಲ್ ಪಾರಿತೋಷಕ ಸಂದಿತು.

ಇತ್ತ ಕಡ್ಡಿಯೂ ಸುಮ್ಮನಿರಲಿಲ್ಲ. 1923ರಲ್ಲಿ ಅಮೆರಿಕದ ಲಿಯೋ ಗರ್ಸ್ಟನ್‌ಜಾಂಗ್ ತುದಿಗೆ ಹತ್ತಿ ಸುತ್ತಿದ ಕಡ್ಡಿಯನ್ನು ರೂಪಿಸಿದರು. ಹತ್ತಿಯೇನೋ ಮೃದು, ಆದರೆ ಅದು ಗುಗ್ಗೆಯನ್ನು ಹೊರಗೆ ತರುವುದಕ್ಕಿಂತ ಒಳಕ್ಕೆ ಒತ್ತುವುದೇ ಹೆಚ್ಚು. ಕೈ ತುಸು ಜಾರಿದರೆ ಕಿವಿಯ ತಮಟೆಯೇ ಹರಿದೀತು.

ನಿಜಕ್ಕೂ ಗುಗ್ಗೆ ಕೊಳೆಯಲ್ಲ, ಕಾವಲು. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳದ ಹೊರಭಾಗದಲ್ಲಿ ಮಾತ್ರ ಅದು ಹುಟ್ಟುತ್ತದೆ; ಧೂಳನ್ನು ಹಿಡಿದು, ಚರ್ಮಕ್ಕೆ ಜಿಡ್ಡನ್ನು ಕೊಡುತ್ತದೆ. ನಾಳದ ಚರ್ಮ ಹೊರಮುಖವಾಗಿ ಮೆಲ್ಲನೆ ಸರಿಯುತ್ತ ಹಳೆಯ ಗುಗ್ಗೆಯನ್ನು ಹೊತ್ತು ತರುತ್ತದೆ. ಉಣ್ಣುವಾಗ, ಮಾತನಾಡುವಾಗ ಆಡುವ ದವಡೆಯೂ ಅದಕ್ಕೆ ನೆರವಾಗುತ್ತದೆ.

ಆದುದರಿಂದ ಕಿವಿ ಕಟ್ಟಿದಂತಾದರೆ ಮಗ್ಗುಲಾಗಿ ಮಲಗಿ, ಮೈಬಿಸಿಯನ್ನು ಮೀರದ ಆಲಿವ್ ಎಣ್ಣೆಯನ್ನು ಎರಡು ಮೂರು ಹನಿ ಬಿಟ್ಟು, ಕೆಲವು ನಿಮಿಷ ಹಾಗೆಯೇ ಇರಬೇಕು. ಮೂರು ನಾಲ್ಕು ದಿನ ಹೀಗೆ ಮಾಡಿ, ತಾನಾಗಿ ಹೊರಬಂದುದನ್ನಷ್ಟೇ ಬಟ್ಟೆಯಿಂದ ಒರೆಸಿದರಾಯಿತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಸುಡುಸುಡುವಾಗಿಯೇ ಸುರಿಯುವ ಪದ್ಧತಿ ಬೇಡ. ನೋವಿದ್ದರೆ, ಕಿವಿ ಸೋರುತ್ತಿದ್ದರೆ, ತಮಟೆಯಲ್ಲಿ ತೂತಿದ್ದರೆ ಹನಿ ಎಣ್ಣೆಯೂ ಸಲ್ಲದು, ವೈದ್ಯರನ್ನೇ ಕಾಣಬೇಕು. ನಾಲ್ಕೈದು ದಿನಗಳಲ್ಲಿ ಗುಣ ಕಾಣದಿದ್ದರೂ ಅಷ್ಟೆ.

ಸುಶ್ರುತಸಂಹಿತೆಯ ಕ್ರಮ ಇಂದಿಗೂ ಸರಿಯೇ. ಕಡ್ಡಿ ವೈದ್ಯನ ಕೈಯಲ್ಲಿರಲಿ. ಮನೆಯಲ್ಲಿ ನಮಗಿರುವುದು ಎರಡು ಹನಿ ಎಣ್ಣೆ, ಮತ್ತು ತಾಳ್ಮೆ.