ಕರೆಂಟು ಹರಿಯುತ್ತಿದ್ದ ಮೈ

"ಏಯ್, ನಿನ್ನ ಧಾರವಾಡಕ್ಕ ಕಳಸಬೇಕು ನೋಡು!" ಉತ್ತರ ಕರ್ನಾಟಕದಲ್ಲಿ ಬೆಳೆದವರಿಗೆ ಈ ಬೈಗುಳ ಬಿಡಿಸಿ ಹೇಳಬೇಕಿಲ್ಲ. ಧಾರವಾಡ ಅಂದ್ರೆ ಪೇಢಾ, ಬೇಂದ್ರೆ, ಮಳೆ. ಜೊತೆಗೆ ಹುಚ್ಚರ ಆಸ್ಪತ್ರೆ. ಬ್ರಿಟಿಷರ ಕಾಲದಲ್ಲಿ, 1845ರಲ್ಲಿ ಶುರುವಾದ ಆ ಆಸ್ಪತ್ರೆಯೇ ಇವತ್ತಿನ ಡಿಮ್ಹಾನ್ಸ್. ಹೆಸರು ಬದಲಾಯ್ತು, ಬೈಗುಳ ಬದಲಾಗಲಿಲ್ಲ.

ಆ ಬೈಗುಳವನ್ನ ನಾನು ಕಲಿತಿದ್ದು ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ. ಶಬರಿಕೊಳ್ಳಕ್ಕೆ ಹೋದವರಿಗೆ ಊರು ಗೊತ್ತಿರುತ್ತೆ. ಅಲ್ಲಿ ನಮ್ಮ ಸೋದರಮಾವನ ಮನೆ. ಹಿಂದಿನ ಓಣಿಯಲ್ಲಿ ಒಬ್ಬ ನೇಕಾರ ಇದ್ದ. ಹೆಸರು ಬೇಡ. ಚಪ್ಪಲಿ ಹಾಕ್ಕೊಂಡೇ ಮಲಗ್ತಿದ್ದ. ಯಾಕಪ್ಪ ಅಂದ್ರೆ, "ನೆಲದಾಗ ಕರೆಂಟ್ ಹರದೈತಿ, ಅಂಗಾಲಿನಿಂದ ಏರತೈತಿ" ಅಂತಿದ್ದ. "ಹೊಟ್ಟ್ಯಾಗ ಯಾರೋ ಲಾಳಿ ಒಗೀಲಿಕ್ಕತ್ಯಾರ" ಅಂತಿದ್ದ. ನಾವು ಹುಡುಗರು ಹಿಂದಿನಿಂದ ಹೋಗಿ ಕೋಲಿನಿಂದ ಬೆನ್ನು ಮುಟ್ಟೋದು, "ಕರೆಂಟ್ ಬಂತು" ಅನ್ನೋದು. ಅವನು ಎಗರಿ ಬೀಳೋನು. ನಾವು ನಗೋದು.

ಮುಂದೆ ಮನೆಯವರು ಕಂಬಕ್ಕೆ ಕಟ್ಟಿದರು, ಕಬ್ಬಿಣದ ಸರಪಳಿಯಲ್ಲಿ. "ಕಬ್ಬಿಣ ಬ್ಯಾಡ್ರೋ, ಹಗ್ಗ ಹಾಕ್ರಿ" ಅಂತ ಅವನು ಅಳುತ್ತಿದ್ದ. ಕಬ್ಬಿಣದಲ್ಲಿ ಕರೆಂಟ್ ಹರಿಯುತ್ತೆ ಅನ್ನೋದು ಅವನಿಗೆ ಗೊತ್ತಿತ್ತು. ಆ ಮಾತಿನಲ್ಲಿ ಹುಚ್ಚು ಎಲ್ಲಿದೆ, ನೀವೇ ಹೇಳಿ.

ಈ ಲಾಳಿ ಮಾತು ನನಗೆ ಮತ್ತೆ ಸಿಕ್ಕಿದ್ದು ಲಂಡನ್ನಿನ ಇತಿಹಾಸದಲ್ಲಿ. ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್ ಅನ್ನೋ ಚಹಾ ವ್ಯಾಪಾರಿಯನ್ನ 1797ರಲ್ಲಿ ಅಲ್ಲಿನ ಬೆಥ್ಲೆಮ್ ಆಸ್ಪತ್ರೆಗೆ ಹಾಕಿದರು. ಅವನು ಹೇಳ್ತಿದ್ದಿದ್ದು ಏನು ಗೊತ್ತಾ? ನೆಲಮಾಳಿಗೆಯಲ್ಲಿ ಒಂದು ಗ್ಯಾಂಗ್ ಇದೆ, ಅವರ ಹತ್ತಿರ ಒಂದು "ಗಾಳಿಮಗ್ಗ" ಇದೆ, ಅದರಿಂದ ಹೊರಡುವ ಕಿರಣಗಳು ನನ್ನ ಮೈಯನ್ನು ಹಿಂಡುತ್ತವೆ, ತಿರುಚುತ್ತವೆ ಅಂತ. ಇಬ್ಬರು ವೈದ್ಯರು 1809ರಲ್ಲಿ ಇವನಿಗೆ ಹುಚ್ಚಿಲ್ಲ ಅಂದರು. ಆಸ್ಪತ್ರೆಯ ಜಾನ್ ಹಾಸ್ಲಮ್ ಸಿಟ್ಟಿಗೆದ್ದು, ಇವನು ಹುಚ್ಚನೇ ಅಂತ ಸಾಬೀತು ಮಾಡೋಕೆ 1810ರಲ್ಲಿ ಒಂದು ಪುಸ್ತಕವನ್ನೇ ಬರೆದ. ಆರು ವರ್ಷದ ನಂತರ, ಆಸ್ಪತ್ರೆಯ ಕ್ರೌರ್ಯದ ಬಗ್ಗೆ ಸಂಸತ್ತು ವಿಚಾರಣೆ ನಡೆಸಿದ ಮೇಲೆ, ಹಾಸ್ಲಮ್ ಕೆಲಸ ಹೋಯ್ತು! ಅಷ್ಟರಲ್ಲಿ ಮ್ಯಾಥ್ಯೂಸ್ ಸತ್ತಿದ್ದ. ಹಾಸ್ಲಮ್ ಪುಸ್ತಕ ಮಾತ್ರ ಉಳೀತು. ಒಬ್ಬ ರೋಗಿಗೆ ಮೈಯಲ್ಲಿ ಏನೇನು ಆಗ್ತಿತ್ತು ಅನ್ನೋದರ ಇಷ್ಟು ದೀರ್ಘ ವಿವರ ಅದಕ್ಕಿಂತ ಮುಂಚೆ ಸಿಗೋದು ಕಷ್ಟ.

ಅಲ್ಲಿ ಗಾಳಿಮಗ್ಗ, ಸುರೇಬಾನದಲ್ಲಿ ಕರೆಂಟು. ಇವತ್ತಿನವರು ಮೊಬೈಲ್ ಟವರ್, ಚಿಪ್ ಅಂತಾರೆ. ನಮ್ಮಜ್ಜಿ ಕಾಲದಲ್ಲಿ ಮಾಟ. ಕಾರಣ ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಮೈಯಲ್ಲಿ ಆಗೋದು ಅದೇ. ಜರ್ಮನಿಯ ಕುರ್ಟ್ ಶ್ನೈಡರ್ ಸ್ಕಿಝೋಫ್ರೇನಿಯಾ ಗುರುತಿಸೋಕೆ ಮಾಡಿದ ಮುಖ್ಯ ಲಕ್ಷಣಗಳ ಪಟ್ಟಿಯಲ್ಲಿ ಇದೂ ಇದೆ: ನನ್ನ ಮೈಗೆ ಹೊರಗಿನವರು ಏನೋ ಮಾಡ್ತಿದ್ದಾರೆ ಅನ್ನೋ ಅನುಭವ.

ಯಾಕೆ ಹಾಗಾಗುತ್ತೆ? ನಿಮ್ಮ ಅಂಗೈಗೆ ನೀವೇ ಕಚಗುಳಿ ಇಟ್ಟುಕೊಂಡು ನೋಡಿ. ಆಗಲ್ಲ. ಕೈ ಆಡಿಸುವಾಗಲೇ ಮೆದುಳು "ಇದು ನನ್ನದೇ ಕೈ, ಹೀಗೆ ಅನಿಸುತ್ತೆ" ಅಂತ ಅಂದಾಜು ಮಾಡಿ, ಆ ಸ್ಪರ್ಶದ ಜೋರನ್ನು ತಗ್ಗಿಸಿಬಿಡುತ್ತೆ. ಲಂಡನ್ನಿನ ಸಂಶೋಧಕರು, ಸಾರಾ ಬ್ಲೇಕ್‌ಮೋರ್, ಕ್ರಿಸ್ ಫ್ರಿತ್ ಮತ್ತು ಜೊತೆಗಾರರು, 2000ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಧ್ವನಿ ಕೇಳಿಸುವ ಅಥವಾ ಮೈ ತನ್ನ ಹಿಡಿತದಲ್ಲಿಲ್ಲ ಅನ್ನಿಸುವ ರೋಗಿಗಳಿಗೆ ತಮ್ಮ ಕೈಯ ಸ್ಪರ್ಶವೂ ಬೇರೆಯವರ ಸ್ಪರ್ಶವೂ ಹೆಚ್ಚುಕಡಿಮೆ ಒಂದೇ ಥರ ಅನ್ನಿಸಿತು. ಅಂದ್ರೆ ಅಂದಾಜಿನ ಲೆಕ್ಕ ತಪ್ಪಿದಾಗ ತನ್ನದೇ ಕೈ, ತನ್ನದೇ ಹೊಟ್ಟೆ, ತನ್ನದೇ ಯೋಚನೆ ಪರಕೀಯವಾಗುತ್ತೆ ಅನ್ನೋದು ಅವರ ವಾದ. ಆ ನೇಕಾರ ಸುಳ್ಳು ಹೇಳ್ತಿರಲಿಲ್ಲ ಸ್ವಾಮಿ. ಲಾಳಿ ಅವನಿಗೆ ನಿಜಕ್ಕೂ ತಾಗ್ತಿತ್ತು.

ಪ್ಯಾರಿಸ್ಸಿನಲ್ಲಿ 1952ರಲ್ಲಿ ಕ್ಲೋರ್‌ಪ್ರೊಮಜೈನ್ ಬಂತು. ಅದರಿಂದ ಎಷ್ಟೋ ಜನ ವಾರ್ಡು ಬಿಟ್ಟು ಮನೆಗೆ ಹೋದರು. ಆದರೆ ಆ ಥರದ ಔಷಧಿಗಳು ಮೈಗೆ ಹೊಸ ತಂಟೆ ತಂದವು: ಕೈ ನಡುಕ, ಬಿಗಿತ, ಒಂದು ಕಡೆ ಕೂರಲಾಗದ ಚಡಪಡಿಕೆ. ಮನೆಯವರು ಅದನ್ನೂ ಹುಚ್ಚಿನ ಲೆಕ್ಕಕ್ಕೇ ಬರೆದರು. ಸರಪಳಿ ಹೋಗಲಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ 28 ಜನ ಸತ್ತರು, ಸರಪಳಿ ಹಾಕಿದ್ದಕ್ಕೆ ಓಡೋಕೂ ಆಗದೆ. ಯಾವ ರೀತಿಯಲ್ಲೂ ಸರಪಳಿ ಕೂಡದು ಅಂತ ಕಾನೂನು ಸ್ಪಷ್ಟವಾಗಿ ಹೇಳಿದ್ದು 2017ರಲ್ಲಿ.

ಇನ್ನು ನನ್ನ ವಿಷಯ. ಹಲವು ವರ್ಷಗಳ ಹಿಂದೆ ನಡುರಸ್ತೆಯಲ್ಲಿ ಅಂಗಿ ಕಿತ್ತೆಸೆದು ಕೂಗಾಡ್ತಿದ್ದ ಒಬ್ಬನ ವಿಡಿಯೋ ಬಂತು. ಕಾಮಿಡಿ ಮ್ಯೂಸಿಕ್ ಹಾಕಿ ಅರ್ಧ ಗಂಟೆ ಓಡಿಸಿದೆವು. ಆ್ಯಂಕರ್ ನಾನೇ. ಅಂಗಿ ಅವನ ಮೈಗೆ ಏನು ಮಾಡ್ತಿತ್ತೋ ಅಂತ ನ್ಯೂಸ್‌ರೂಮಿನಲ್ಲಿ ಒಬ್ಬರೂ ಕೇಳಲಿಲ್ಲ. ಕೋಲು ಹಿಡಿದ ಹುಡುಗನಿಗೆ ಈಗ ಮೈಕ್ ಸಿಕ್ಕಿತ್ತು, ಅಷ್ಟೇ.

ಕಳೆದ ಸಲ ಸುರೇಬಾನಕ್ಕೆ ಹೋದಾಗ ಆ ಓಣಿಗೆ ಹೋದೆ. ಮುದುಕನಾಗಿದ್ದಾನೆ. ಧಾರವಾಡದ ಗುಳಿಗೆ ವರ್ಷಗಟ್ಟಲೆ ತಿಂದಿದ್ದಾನೆ. ಕೈ ನಡುಗಿ ನೂಲು ಪೋಣಿಸೋಕೆ ಆಗ್ತಿರಲಿಲ್ಲವಂತೆ, ತಂಗಿ ಡಾಕ್ಟರಿಗೆ ಹೇಳಿದ ಮೇಲೆ ಗುಳಿಗೆ ಬದಲಾಯ್ತಂತೆ. ಕರೆಂಟ್ ಹೆಂಗೈತಿ ಅಂದೆ. "ಐತಿ. ಸಣ್ಣಗೈತಿ. ಬಲಗಾಲಿನಾಗ ಅಷ್ಟ" ಅಂದ. ಚಹಾ ಕೊಟ್ಟರು. ನನ್ನ ಟೀವಿಯಲ್ಲಿ ನೋಡ್ತಾನಂತೆ. ಕೋಲು ಯಾರ ಕೈಯಲ್ಲಿತ್ತು ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.